ಒಬ್ಬನೇ ಒಬ್ಬನಿಗಾಗಿ ಹುಟ್ಟಿದ ಕಾನೂನು

ರಾಬೆನ್ ದ್ವೀಪವೆಂದೊಡನೆ ನಮಗೆ ನೆನಪಾಗುವುದು ನೆಲ್ಸನ್ ಮಂಡೇಲಾ. ಹದಿನೆಂಟು ವರ್ಷ ಅವರು ಕಳೆದ ಆ ಕಿರುಕೋಣೆಯನ್ನು ನೋಡಲೆಂದೇ ಕೇಪ್‌ಟೌನ್‌ನ ಬಂದರಿನಿಂದ ಪ್ರವಾಸಿಗರು ದೋಣಿ ಏರುತ್ತಾರೆ. ಕಂಬಿಗಳ ಎದುರು ನಿಂತು ಚಿತ್ರ ತೆಗೆಸಿಕೊಳ್ಳುತ್ತಾರೆ. ಆದರೆ ಸೆರೆಮನೆಯ ಆ ಮುಖ್ಯ ಕಟ್ಟಡಗಳಿಂದ ದೂರದಲ್ಲಿ, ಬೇಲಿಯ ನಡುವೆ ಒಂದು ಸಾಧಾರಣ ಮನೆಯಿದೆ. ಹೊರನೋಟಕ್ಕೆ ಅದು ಕಾವಲುಗಾರನ ವಸತಿಯಂತೆ ಕಾಣುತ್ತದೆಯೇ ಹೊರತು ಸೆರೆಮನೆಯಂತೆ ಅಲ್ಲ. ಆ ಮನೆಯಲ್ಲಿ 1963ರಿಂದ 1969ರವರೆಗೆ ಆರು ವರ್ಷ ಒಬ್ಬ ಮನುಷ್ಯನನ್ನು ಒಂಟಿಯಾಗಿ ಇಡಲಾಗಿತ್ತು. ಆತ ಶಿಕ್ಷೆ ಅನುಭವಿಸುತ್ತಿದ್ದ ಕೈದಿಯಲ್ಲ. ಆತನ ಶಿಕ್ಷೆ ಎಂದೋ ಮುಗಿದಿತ್ತು. ಆತನ ಮೇಲೆ ಹೊಸ ಮೊಕದ್ದಮೆಯೂ ಇರಲಿಲ್ಲ. ಆತನನ್ನು ಹೊರಗೆ ಬಿಡಲು ಒಂದು ಸರ್ಕಾರಕ್ಕೆ ಧೈರ್ಯವಿರಲಿಲ್ಲ, ಅಷ್ಟೆ.

ಆತನ ಹೆಸರು ರಾಬರ್ಟ್ ಮಂಗಲಿಸೊ ಸೊಬುಕ್ವೆ. 1960ರ ದಶಕದ ಆರಂಭದಲ್ಲಿ ಪ್ರಿಟೋರಿಯಾದ ಆಡಳಿತಗಾರರು ಮಂಡೇಲಾಗಿಂತ ಹೆಚ್ಚಾಗಿ ಹೆದರಿದ್ದು ಈ ಹೆಸರಿಗೆ ಎಂದರೆ ಇಂದಿನ ಓದುಗರಿಗೆ ಅಚ್ಚರಿಯಾದೀತು. ಭಾರತ 1990ರಲ್ಲಿ ಮಂಡೇಲಾ ಅವರಿಗೆ ಭಾರತರತ್ನ ನೀಡಿ ಗೌರವಿಸಿತು. ನಮ್ಮ ಶಾಲಾ ಮಕ್ಕಳಿಗೂ ಅವರ ಹೆಸರು ಗೊತ್ತು. ಸೊಬುಕ್ವೆ ಮಾತ್ರ ದಕ್ಷಿಣ ಆಫ್ರಿಕದ ಹೊರಗೆ ಬಹುತೇಕ ಅಪರಿಚಿತರು. ಅಲ್ಲಿಯೂ ಅವರ ಪಾಲಿಗೆ ಬಂದದ್ದು ತಡವಾದ, ಅರೆಮನಸ್ಸಿನ ನೆನಪು. ಇತಿಹಾಸವನ್ನು ಬರೆಯುವವರು ಗೆದ್ದವರು ಎಂಬ ಹಳೆಯ ಮಾತು ವಸಾಹತುಶಾಹಿಗಷ್ಟೇ ಅನ್ವಯಿಸುವುದಿಲ್ಲ. ವಿಮೋಚನಾ ಚಳವಳಿಗಳ ಒಳಗೂ ಗೆದ್ದವರು, ಸೋತವರು ಇರುತ್ತಾರೆ.

ಸೊಬುಕ್ವೆ ಹುಟ್ಟಿದ್ದು 1924ರ ಡಿಸೆಂಬರ್ 5ರಂದು, ಕರೂ ಎಂಬ ಅರೆಮರುಭೂಮಿಯ ನಡುವಿನ ಗ್ರಾಫ್-ರೈನೆಟ್ ಪಟ್ಟಣದಲ್ಲಿ. ಬಿಳಿಯರ ಪುರಾತನ ವಸಾಹತುಗಳಲ್ಲಿ ಒಂದಾದ ಆ ಊರು ತನ್ನ ಹೆಸರನ್ನೇ ಡಚ್ ಗವರ್ನರನೊಬ್ಬನಿಂದಲೂ ಅವನ ಹೆಂಡತಿಯಿಂದಲೂ ಪಡೆದದ್ದು. ಊರಿನ ಅಂಚಿನ ಕರಿಯರ ಕೇರಿಯಲ್ಲಿ ತಂದೆ ಹ್ಯೂಬರ್ಟ್ ಪುರಸಭೆಯ ಕೂಲಿ, ಸೌದೆ ಕಡಿಯುವ ಕೆಲಸ ಮಾಡುತ್ತಿದ್ದರು. ತಾಯಿ ಆಂಜೆಲಿನಾ ಬಿಳಿಯರ ಮನೆಗಳಲ್ಲಿ ಕೆಲಸಕ್ಕಿದ್ದರು. ಇಬ್ಬರಿಗೂ ಹೆಚ್ಚಿನ ಓದು ದಕ್ಕಿರಲಿಲ್ಲ. ಆದರೆ ಬಿಳಿಯರು ಓದಿ ಎಸೆದ ಪುಸ್ತಕಗಳು ಆ ಮನೆಗೆ ಬರುತ್ತಿದ್ದವು, ಮಕ್ಕಳು ಅವನ್ನು ಓದುತ್ತಿದ್ದರು. ಆ ಮಕ್ಕಳಲ್ಲಿ ಕಿರಿಯವನೇ ಮಂಗಲಿಸೊ. ಷೋಸಾ ಭಾಷೆಯಲ್ಲಿ ಆ ಹೆಸರಿಗೆ ಅದ್ಭುತ, ಸೋಜಿಗ ಎಂಬ ಅರ್ಥವಿದೆ. ಅಣ್ಣ ಅರ್ನೆಸ್ಟ್ ಮುಂದೆ ಬಿಷಪ್ ಆದರು. ಮನೆ ಮೆಥೊಡಿಸ್ಟ್ ಪಂಥದ್ದು. ದೇವರು, ಶಿಸ್ತು, ಓದು ಈ ಮೂರೂ ಆ ಬಡತನದಲ್ಲಿ ಒಂದೇ ಹಗ್ಗದ ಎಳೆಗಳಂತೆ ಹೆಣೆದುಕೊಂಡಿದ್ದವು.

1940ರಲ್ಲಿ ಆತ ಹೀಲ್ಡ್‌ಟೌನ್ ಎಂಬ ಮೆಥೊಡಿಸ್ಟ್ ಮಿಷನ್ ಶಾಲೆ ಸೇರಿದ. ಕೆಲವೇ ವರ್ಷ ಮೊದಲು ಮಂಡೇಲಾ ಕೂಡ ಅಲ್ಲಿಯೇ ಓದಿದ್ದರು. ನಡುವೆ ಕ್ಷಯರೋಗ ಬಡಿಯಿತು, ಓದು ನಿಂತಿತು. ಚೇತರಿಸಿಕೊಂಡು ಮರಳಿದ ಹುಡುಗನ ಪ್ರತಿಭೆ ಕಂಡು ಶಾಲೆಯ ಬಿಳಿಯ ಮುಖ್ಯಸ್ಥರೇ ಹಣದ ನೆರವಿಗೆ ನಿಂತರು. ಬಿಳಿಯರನ್ನು ದ್ವೇಷಿಸುವ ಮನುಷ್ಯನೆಂದು ಮುಂದೆ ಪ್ರಚಾರಕ್ಕೆ ಒಳಗಾದವರ ಬಾಳಿನಲ್ಲಿ ಇಂಥ ಪ್ರಸಂಗಗಳು ಒಂದೆರಡಲ್ಲ.

1947ರಲ್ಲಿ ಫೋರ್ಟ್ ಹೇರ್ ವಿಶ್ವವಿದ್ಯಾಲಯ ಕಾಲೇಜು. ದಕ್ಷಿಣ ಆಫ್ರಿಕದ ಕರಿಯ ವಿದ್ಯಾವಂತರ ತೊಟ್ಟಿಲು ಅದು. ಮೊದಲ ವರ್ಷ ಸೊಬುಕ್ವೆ ಸಾಹಿತ್ಯದಲ್ಲೇ ಮುಳುಗಿದ್ದರು. ಆಫ್ರಿಕನ್ನರನ್ನು ಆಳುವ ಕಾನೂನುಗಳನ್ನು ಪಾಠವಾಗಿ ಓದಬೇಕಾಗಿ ಬಂದಾಗ ರಾಜಕೀಯ ಅವರೊಳಗೆ ಇಳಿಯಿತು. 1948ರಲ್ಲಿ ಮಲಾನ್ ನೇತೃತ್ವದ ನ್ಯಾಷನಲ್ ಪಾರ್ಟಿ ಅಧಿಕಾರಕ್ಕೆ ಬಂದು ವರ್ಣಭೇದವನ್ನು ರಾಜ್ಯದ ಸಿದ್ಧಾಂತವಾಗಿಸಿತು. ಅದೇ ವರ್ಷ ಸೊಬುಕ್ವೆ ಆಫ್ರಿಕನ್ ನ್ಯಾಷನಲ್ ಕಾಂಗ್ರೆಸ್ಸಿನ (ಎಎನ್‌ಸಿ) ಯುವ ಸಂಘಟನೆಗೆ ಸೇರಿದರು. 1949ರಲ್ಲಿ ವಿದ್ಯಾರ್ಥಿ ಮಂಡಳಿಯ ಅಧ್ಯಕ್ಷರಾಗಿ ಅವರು ಮಾಡಿದ ಬೀಳ್ಕೊಡುಗೆಯ ಭಾಷಣ ಕೈಯಿಂದ ಕೈಗೆ ಹರಿದಾಡಿತು. ಸಮೀಪದ ವಿಕ್ಟೋರಿಯಾ ಆಸ್ಪತ್ರೆಯ ದಾದಿಯರು ಮುಷ್ಕರ ಹೂಡಿದಾಗ ವಿದ್ಯಾರ್ಥಿಗಳು ಬೆಂಬಲಕ್ಕೆ ನಿಂತರು. ವೆರೋನಿಕಾ ಝೋಡ್ವಾ ಎಂಬ ದಾದಿಯ ಪರಿಚಯವಾದದ್ದು ಆ ಮುಷ್ಕರದ ಸಂದರ್ಭದಲ್ಲೇ. 1954ರಲ್ಲಿ ಇಬ್ಬರೂ ಮದುವೆಯಾದರು. ಈ ಹೆಣ್ಣುಮಗಳ ಹೆಸರನ್ನು ಓದುಗರು ಮನಸ್ಸಿನಲ್ಲಿ ಇರಿಸಿಕೊಳ್ಳಬೇಕು.

ಸ್ಟಾಂಡರ್ಟನ್ ಎಂಬ ಸಣ್ಣ ಊರಿನಲ್ಲಿ ಶಾಲಾ ಮಾಸ್ತರಿಕೆ ಸಿಕ್ಕಿತು. 1952ರ ಕಾನೂನುಭಂಗ ಚಳವಳಿಯನ್ನು ಬೆಂಬಲಿಸಿ ಮಾತನಾಡಿದ್ದಕ್ಕೆ ಕೆಲಸ ಹೋಯಿತು, ಆಮೇಲೆ ಮರಳಿ ಸಿಕ್ಕಿತು. 1954ರಲ್ಲಿ ಜೊಹಾನ್ಸ್‌ಬರ್ಗಿನ ವಿಟ್‌ವಾಟರ್ಸ್‌ರಾಂಡ್ ವಿಶ್ವವಿದ್ಯಾಲಯ ಅವರನ್ನು ಜುಲು ಭಾಷೆ ಕಲಿಸಲು ನೇಮಿಸಿಕೊಂಡಿತು. ಕರಿಯನೊಬ್ಬನನ್ನು ಅಧ್ಯಾಪಕನೆಂದು ಕರೆಯಲು ಮನಸ್ಸಾಗದ ಆ ಸಂಸ್ಥೆ ಹುದ್ದೆಗೆ ಭಾಷಾ ಸಹಾಯಕ ಎಂಬ ಹೆಸರಿಟ್ಟಿತ್ತು. ಸೊವೆಟೊದ ಜನ ಮಾತ್ರ ಅವರನ್ನು ಪ್ರೀತಿಯಿಂದ ಪ್ರೊಫೆಸರ್ ಎಂದೇ ಕರೆದರು. ಕರಿಯನೊಬ್ಬನಿಗೆ ಆ ಕಾಲದಲ್ಲಿ ಅದಕ್ಕಿಂತ ನೆಮ್ಮದಿಯ ಕೆಲಸ ಊಹಿಸುವುದೂ ಕಷ್ಟ. ಸಂಬಳ ಬರುತ್ತಿತ್ತು, ಮೊಫೊಲೊದಲ್ಲಿ ಪುಟ್ಟ ಮನೆಯಿತ್ತು, ನಾಲ್ವರು ಮಕ್ಕಳಾದರು. ಷೋಸಾ ಜನಪದದ ಒಗಟುಗಳನ್ನು ಸಂಗ್ರಹಿಸುವ ಹವ್ಯಾಸವಿತ್ತು. ಹಾಗೆಯೇ ಇದ್ದುಬಿಟ್ಟಿದ್ದರೆ ಭಾಷಾಶಾಸ್ತ್ರಜ್ಞರೊಬ್ಬರಾಗಿ ನಿವೃತ್ತರಾಗುತ್ತಿದ್ದರೇನೋ.

ಎಎನ್‌ಸಿಯೊಳಗೆ ಆ ಹೊತ್ತಿಗೆ ದೊಡ್ಡ ಜಿಜ್ಞಾಸೆಯೊಂದು ಎದ್ದಿತ್ತು. 1955ರಲ್ಲಿ ಕ್ಲಿಪ್‌ಟೌನಿನ ಮಹಾಸಭೆ ಅಂಗೀಕರಿಸಿದ ಸ್ವಾತಂತ್ರ್ಯ ಸನ್ನದು ದೇಶವು ಅಲ್ಲಿ ವಾಸಿಸುವ ಕರಿಯ, ಬಿಳಿಯ ಎಲ್ಲರದೂ ಎಂದು ಸಾರಿತು. ನಮಗೆ ಇದು ಸಹಜವಾದ, ಉದಾರವಾದ ನಿಲುವಾಗಿ ಕಾಣುತ್ತದೆ. ಆದರೆ ಸೊಬುಕ್ವೆ ಮತ್ತು ಅವರ ಸಂಗಡಿಗರ ಪ್ರಶ್ನೆ ಬೇರೆಯೇ ಇತ್ತು. ನೆಲವನ್ನು ಕಿತ್ತುಕೊಂಡವನೂ ಕಳೆದುಕೊಂಡವನೂ ಆ ನೆಲಕ್ಕೆ ಸಮಾನ ಒಡೆಯರೆಂದು ಒಪ್ಪಿದರೆ, ಕಿತ್ತುಕೊಂಡದ್ದರ ಲೆಕ್ಕ ಕೇಳುವವರು ಯಾರು? ಬಿಳಿಯ ಹಿತೈಷಿಗಳು ಬರೆದುಕೊಟ್ಟ ಕರಡನ್ನು ಹಿಡಿದು ನಡೆಯುವ ಜನ ತಮ್ಮ ಕಾಲ ಮೇಲೆ ನಿಲ್ಲುವುದು ಎಂದು? ಗುಲಾಮಗಿರಿ ಮೊದಲು ಮನಸ್ಸಿನಲ್ಲಿ ಮುರಿಯಬೇಕು, ಆಮೇಲೆ ಉಳಿದದ್ದು ಎಂಬುದು ಅವರ ನಂಬಿಕೆ. ಈ ವಾದದ ಬೇರು ಆಂಟನ್ ಲೆಂಬೆಡೆ ಎಂಬ ತರುಣ ಚಿಂತಕನಲ್ಲಿತ್ತು; 1957ರಲ್ಲಿ ಘಾನಾ ಸ್ವತಂತ್ರವಾದದ್ದು ಅದಕ್ಕೆ ಗಾಳಿ ಊದಿತ್ತು. 1958ರಲ್ಲಿ ಬಿರುಕು ಪೂರ್ಣಗೊಂಡಿತು. 1959ರ ಏಪ್ರಿಲ್ 6ರಂದು ಪ್ಯಾನ್ ಆಫ್ರಿಕನಿಸ್ಟ್ ಕಾಂಗ್ರೆಸ್ (ಪಿಎಸಿ) ಹುಟ್ಟಿತು. 1652ರಲ್ಲಿ ಡಚ್ಚರ ಯಾನ್ ಫಾನ್ ರೀಬೆಕ್ ಕೇಪಿನ ತೀರದಲ್ಲಿ ಕಾಲಿಟ್ಟ ದಿನ ಅದು. ಸೊಬುಕ್ವೆ ಅವಿರೋಧವಾಗಿ ಅಧ್ಯಕ್ಷರಾದರು. 1963ರೊಳಗೆ ಸ್ವಾತಂತ್ರ್ಯ ಎಂಬುದು ಆ ಪಕ್ಷ ಹಾಕಿಕೊಂಡ ಗಡುವು. ಆ ವರ್ಷ ಸೊಬುಕ್ವೆ ಅವರಿಗೆ ತಂದದ್ದೇನೆಂದು ಮುಂದೆ ನೋಡುತ್ತೇವೆ.

ಅವರ ವಿಚಾರವನ್ನು ತಿರುಗುಮುರುಗಾದ ವರ್ಣದ್ವೇಷವೆಂದು ತಳ್ಳಿಹಾಕುವುದು ಸುಲಭ. ಹಾಗೆ ತಳ್ಳಿಹಾಕಿದವರೂ ಬಹಳ. ಆದರೆ ಆಫ್ರಿಕನ್ ಎಂದರೆ ಯಾರೆಂಬುದಕ್ಕೆ ಸೊಬುಕ್ವೆ ಕೊಟ್ಟ ವ್ಯಾಖ್ಯೆಯಲ್ಲಿ ಚರ್ಮದ ಬಣ್ಣದ ಪ್ರಸ್ತಾಪವೇ ಇರಲಿಲ್ಲ. ಆಫ್ರಿಕಕ್ಕೆ ಮಾತ್ರ ನಿಷ್ಠೆ ಸಲ್ಲಿಸಿ, ಆಫ್ರಿಕದ ಬಹುಸಂಖ್ಯಾತರ ಪ್ರಜಾಸತ್ತೆಯನ್ನು ಒಪ್ಪುವ ಯಾರೇ ಆದರೂ ಆಫ್ರಿಕನ್ನನೇ. ಜನಾಂಗಗಳು ಹಲವು ಎಂಬುದನ್ನೇ ಅವರು ಒಪ್ಪಲಿಲ್ಲ. ಇರುವುದು ಮನುಷ್ಯ ಜನಾಂಗ ಒಂದೇ ಎಂದರು. ಆದ್ದರಿಂದಲೇ ಹಲವು ಜನಾಂಗಗಳ ಒಕ್ಕೂಟ ಎಂಬ ಎಎನ್‌ಸಿಯ ಕಲ್ಪನೆ ಅವರಿಗೆ ವರ್ಣಭೇದದ್ದೇ ಇನ್ನೊಂದು ರೂಪವಾಗಿ ಕಂಡಿತು.

ಭಾರತೀಯ ಮೂಲದವರ ಬಗ್ಗೆ ಅವರ ಮಾತು ನಮಗೆ ಕಹಿಯಾಗಬಹುದು. ಕಬ್ಬಿನ ತೋಟಗಳಿಗೆ ಕೂಲಿಗಳಾಗಿ ಬಂದ ಬಡ ಭಾರತೀಯನು ಆಫ್ರಿಕನ್ನನಂತೆಯೇ ತುಳಿತಕ್ಕೊಳಗಾದವನು, ಆತ ನಮ್ಮವನಾಗಬಲ್ಲನು ಎಂದರು. ಆದರೆ ಸಮುದಾಯದ ನಾಯಕತ್ವ ವರ್ತಕರ ಕೈಯಲ್ಲಿದೆ, ಆ ವರ್ಗಕ್ಕೆ ತನ್ನ ಸಂಸ್ಕೃತಿಯ ಮೇಲ್ಮೆಯ ಅಹಂಕಾರವಿದೆ ಎಂದೂ ಹೇಳಿದರು. ಯೂಸುಫ್ ದಾದೂ, ಮಾಂಟಿ ನಾಯ್ಕರ್ ಅವರಂಥ ನಾಯಕರು 1947ರಲ್ಲೇ ಎಎನ್‌ಸಿಯೊಂದಿಗೆ ಒಪ್ಪಂದ ಮಾಡಿಕೊಂಡು ಜೈಲುಗಳನ್ನು ತುಂಬಿದ್ದರೆಂಬುದನ್ನು ನೆನೆದರೆ ಈ ಮಾತು ಪೂರ್ತಿ ನ್ಯಾಯವಾದುದಲ್ಲ. ಹಾಗೆಂದು ಪೂರ್ತಿ ಸುಳ್ಳೂ ಅಲ್ಲ. ಕಡಲಾಚೆ ಹೋದ ನಮ್ಮವರು ಕರಿಯರೊಂದಿಗೆ ಹೇಗೆ ನಡೆದುಕೊಂಡರೆಂಬ ಪ್ರಶ್ನೆಯನ್ನು ನಾವು ಇನ್ನೂ ನೇರವಾಗಿ ಎದುರಿಸಿಲ್ಲ.

ಪಿಎಸಿ ಆರಿಸಿಕೊಂಡ ಮೊದಲ ಗುರಿ ಪಾಸ್ ಪುಸ್ತಕ. ಹದಿನಾರು ವರ್ಷ ದಾಟಿದ ಪ್ರತಿಯೊಬ್ಬ ಆಫ್ರಿಕನ್ ಅದನ್ನು ಸದಾ ಬಳಿಯಲ್ಲಿ ಇಟ್ಟುಕೊಂಡಿರಬೇಕಿತ್ತು. ಎಲ್ಲಿ ವಾಸ, ಯಾರ ಬಳಿ ಕೆಲಸ, ನಗರದಲ್ಲಿರಲು ಅನುಮತಿಯಿದೆಯೇ ಎಲ್ಲವೂ ಅದರಲ್ಲಿ. ಪೊಲೀಸ್ ಕೇಳಿದಾಗ ಇಲ್ಲದಿದ್ದರೆ ನೇರ ಜೈಲು. 1908ರಲ್ಲಿ ಜೊಹಾನ್ಸ್‌ಬರ್ಗಿನ ಹಮೀದಿಯಾ ಮಸೀದಿಯ ಎದುರು ಗಾಂಧೀಜಿಯ ನೇತೃತ್ವದಲ್ಲಿ ಭಾರತೀಯರು ತಮ್ಮ ನೋಂದಣಿ ಪತ್ರಗಳನ್ನು ಸುಟ್ಟಿದ್ದರಲ್ಲವೇ, ಅದೇ ಕುಲದ ಕಾಗದ ಇದು. ಅದಕ್ಕಿಂತ ಎಷ್ಟೋ ಪಟ್ಟು ಕ್ರೂರವಾದದ್ದು. ಸೊಬುಕ್ವೆ ಹೇಳಿದ ಉಪಾಯ ಸರಳವಾಗಿತ್ತು. ನಿಗದಿತ ದಿನ ಎಲ್ಲರೂ ಪಾಸುಗಳನ್ನು ಮನೆಯಲ್ಲೇ ಬಿಟ್ಟು ಪೊಲೀಸ್ ಠಾಣೆಗೆ ನಡೆದು, ಬಂಧಿಸಿರೆಂದು ಕೇಳುವುದು. ಜಾಮೀನು ಕೇಳಬಾರದು, ವಕೀಲರನ್ನಿಡಬಾರದು, ದಂಡ ಕಟ್ಟಬಾರದು. ಜೈಲುಗಳು ತುಂಬಿದರೆ, ಗಣಿಗಳೂ ಕಾರ್ಖಾನೆಗಳೂ ಖಾಲಿಯಾದರೆ ಕಾನೂನು ತಾನಾಗಿ ಕುಸಿಯುತ್ತದೆ. ನಾಯಕರು ಮುಂದೆ ನಡೆಯಬೇಕು, ಹಿಂದೆ ನಿಂತು ಕಳಿಸಬಾರದು.

ಎಎನ್‌ಸಿ ತನ್ನದೇ ಪಾಸ್ ವಿರೋಧಿ ಚಳವಳಿಯನ್ನು ಮಾರ್ಚ್ 31ಕ್ಕೆ ಯೋಜಿಸಿತ್ತು. ಪಿಎಸಿ ಅದಕ್ಕಿಂತ ಹತ್ತು ದಿನ ಮುಂಚಿತವಾಗಿ 1960ರ ಮಾರ್ಚ್ 21ನ್ನು ಘೋಷಿಸಿತು. ಇದರಲ್ಲಿ ಪೈಪೋಟಿಯ ಪಾಲು ಇರಲಿಲ್ಲವೆನ್ನಲಾಗದು. ಒಂದು ವರ್ಷವೂ ತುಂಬದ, ಹಣವಿಲ್ಲದ, ಸಂಘಟನೆ ಸಡಿಲವಾಗಿದ್ದ ಪಕ್ಷ ಅದು. ಸೊಬುಕ್ವೆ ಪೊಲೀಸ್ ಕಮಿಷನರಿಗೆ ಮೊದಲೇ ಪತ್ರ ಬರೆದು, ಚಳವಳಿ ಸಂಪೂರ್ಣ ಅಹಿಂಸಾತ್ಮಕವೆಂದು ತಿಳಿಸಿದರು. ಗುಂಪು ಚದುರಬೇಕೆಂದರೆ ಜನರಿಗೆ ಸಾಕಷ್ಟು ಸಮಯ ಕೊಡಬೇಕೆಂದೂ ಕೇಳಿಕೊಂಡರು. ವಿಶ್ವವಿದ್ಯಾಲಯದ ಹುದ್ದೆಗೆ ರಾಜೀನಾಮೆ ಕೊಟ್ಟರು.

ಆ ಸೋಮವಾರ ಮುಂಜಾನೆ ಮೊಫೊಲೊದ ಮನೆಯಿಂದ ಹೊರಟಾಗ ಜೊತೆಯಲ್ಲಿದ್ದವರು ಬೆರಳೆಣಿಕೆಯ ಜನ. ದಾರಿಯಲ್ಲಿ ಕೆಲವರು ಕೂಡಿಕೊಂಡರು. ಒರ್ಲಾಂಡೊ ಠಾಣೆಯವರೆಗಿನ ನಡಿಗೆ ಸುಮಾರು ಎಂಟು ಕಿಲೋಮೀಟರು. ಸಾವಿರಾರು ಜನ ಬಂದಾರೆಂಬ ನಿರೀಕ್ಷೆ ಅಲ್ಲಿ ಹುಸಿಯಾಯಿತು. ಕೂಡಿದ್ದವರು ನೂರಿನ್ನೂರು ಮಂದಿ. ಬಂಧಿಸಿ ಎಂದು ಕೇಳಿದ ನಾಯಕನಿಗೆ ಠಾಣೆಯ ಅಧಿಕಾರಿ ಕಾಯಲು ಹೇಳಿದ. ಅವರು ಹೊರಗೆ ಕುಳಿತು ಕಾದರು. ಕೊನೆಗೆ ಒಳಗೆ ಕರೆದು ಬಂಧಿಸಿದರು.

ಅಲ್ಲಿಂದ ದಕ್ಷಿಣಕ್ಕೆ, ಫೆರೀನಿಗಿಂಗ್ ಪಟ್ಟಣದ ಬಳಿಯ ಶಾರ್ಪ್‌ವಿಲ್ ಕೇರಿಯಲ್ಲಿ ಮಾತ್ರ ಸಾವಿರಾರು ಜನ ಠಾಣೆಯ ಸುತ್ತ ನೆರೆದಿದ್ದರು. ಮಧ್ಯಾಹ್ನ ಪೊಲೀಸರು ಗುಂಡು ಹಾರಿಸಿದರು. ಅಧಿಕೃತ ಲೆಕ್ಕದಂತೆ ಸತ್ತವರು 69 ಮಂದಿ, ಗಾಯಗೊಂಡವರು 180ಕ್ಕೂ ಹೆಚ್ಚು. ಇತಿಹಾಸಕಾರರ ಇತ್ತೀಚಿನ ಶೋಧನೆಯಂತೆ ಸತ್ತವರ ಸಂಖ್ಯೆ 91ಕ್ಕಿಂತ ಕಡಿಮೆಯಿಲ್ಲ. ಬಹಳಷ್ಟು ಜನರಿಗೆ ಗುಂಡು ತಗುಲಿದ್ದು ಬೆನ್ನಿಗೆ, ಅಂದರೆ ಅವರು ಓಡುತ್ತಿದ್ದರು. ಅದೇ ದಿನ ಕೇಪ್‌ಟೌನಿನ ಲಾಂಗಾದಲ್ಲೂ ಗುಂಡು ಹಾರಿತು. ಜೊಹಾನ್ಸ್‌ಬರ್ಗಿನ ಷೇರುಪೇಟೆ ಕುಸಿಯಿತು, ಬಂಡವಾಳ ದೇಶ ಬಿಟ್ಟು ಓಡತೊಡಗಿತು. ಏಪ್ರಿಲ್ 1ರಂದು ವಿಶ್ವಸಂಸ್ಥೆಯ ಭದ್ರತಾ ಮಂಡಳಿ ಮೊದಲ ಬಾರಿಗೆ ದಕ್ಷಿಣ ಆಫ್ರಿಕದ ನೀತಿಯನ್ನು ಕುರಿತು ನಿರ್ಣಯ ಕೈಗೊಂಡಿತು. ಕೆಲವು ದಿನ ಪಾಸ್ ಬಂಧನಗಳನ್ನೇ ಸರ್ಕಾರ ನಿಲ್ಲಿಸಬೇಕಾಯಿತು. ಎಎನ್‌ಸಿಯ ಅಧ್ಯಕ್ಷ ಆಲ್ಬರ್ಟ್ ಲುಥುಲಿ ತಮ್ಮ ಪಾಸನ್ನು ಸುಟ್ಟರು. ಮಾರ್ಚ್ 30ರಂದು ಫಿಲಿಪ್ ಕ್ಗೊಸಾನಾ ಎಂಬ ವಿದ್ಯಾರ್ಥಿಯ ಹಿಂದೆ 30,000 ಜನ ಕೇಪ್‌ಟೌನಿನ ನಡುವಿಗೆ ಶಾಂತವಾಗಿ ನಡೆದುಬಂದರು. ಮಂತ್ರಿಯನ್ನು ಭೇಟಿ ಮಾಡಿಸುವ ಭರವಸೆ ನಂಬಿ ಶಾಂತವಾಗಿಯೇ ಹಿಂದಿರುಗಿದರು. ಭೇಟಿಗೆ ಹೋದ ಹುಡುಗನನ್ನು ಬಂಧಿಸಲಾಯಿತು. ಅದೇ ದಿನ ತುರ್ತುಪರಿಸ್ಥಿತಿ. ಏಪ್ರಿಲ್ 8ಕ್ಕೆ ಎರಡೂ ಪಕ್ಷಗಳ ನಿಷೇಧ.

ಇಲ್ಲಿ ಒಂದು ಪ್ರಶ್ನೆಯನ್ನು ಎತ್ತದೆ ಮುಂದೆ ಹೋಗಲಾಗದು. ಶಾರ್ಪ್‌ವಿಲ್ಲಿನ ಸಾವುಗಳಲ್ಲಿ ಸೊಬುಕ್ವೆ ಅವರ ಹೊಣೆಯೆಷ್ಟು? ಗುಂಡು ಹಾರಿಸಿದವರು ಪೊಲೀಸರು, ಆ ಬಗ್ಗೆ ಎರಡು ಮಾತಿಲ್ಲ. ಆದರೆ ಅಂಥ ಆಡಳಿತದ ಎದುರಿಗೆ ಮೂರು ದಿನದ ಸೂಚನೆಯಲ್ಲಿ ನಿರಾಯುಧ ಜನರನ್ನು ನಿಲ್ಲಿಸುವಾಗ ನಾಯಕನಾದವನು ಎಷ್ಟು ದೂರ ಯೋಚಿಸಿರಬೇಕು? ಎಎನ್‌ಸಿಯವರು ಇದನ್ನು ಆತುರವೆಂದರು. ಅವರ ಟೀಕೆಯಲ್ಲಿ ಹುರುಳಿತ್ತು. ಹಾಗೆಯೇ, ದಶಕಗಳ ಮನವಿಪತ್ರಗಳಿಂದ ಆಗದ್ದು ಆ ಒಂದು ದಿನದಿಂದ ಆಯಿತು: ವರ್ಣಭೇದ ಒಂದು ದೇಶದ ಒಳಗಿನ ವಿಚಾರವಾಗಿ ಉಳಿಯಲಿಲ್ಲ. ಈ ಎರಡನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗುವ ಧೈರ್ಯ ನನಗಿಲ್ಲ.

ನ್ಯಾಯಾಲಯದಲ್ಲಿ ಸೊಬುಕ್ವೆ ವಕೀಲರನ್ನಿಡಲಿಲ್ಲ. ತಪ್ಪೊಪ್ಪಿಗೆಯನ್ನೂ ನಿರಾಕರಣೆಯನ್ನೂ ನೀಡಲಿಲ್ಲ. ಬಿಳಿಯರು ಮಾತ್ರ ಕೂಡಿ ಮಾಡಿದ ಕಾನೂನಿಗೆ ತಾವು ಉತ್ತರಿಸಬೇಕಾದ ಕಟ್ಟುಪಾಡಿಲ್ಲ ಎಂಬುದು ಅವರ ನಿಲುವು. 1960ರ ಮೇ 4ರಂದು ಮೂರು ವರ್ಷದ ಶಿಕ್ಷೆಯಾಯಿತು. ಮೇಲ್ಮನವಿ ಹೋಗಲಿಲ್ಲ. ಪ್ರಿಟೋರಿಯಾದ ಜೈಲಿನಲ್ಲಿ ಕೆಲಕಾಲ ಅವರೂ ಮಂಡೇಲಾರೂ ಒಟ್ಟಿಗಿದ್ದರು. ಜೈಲಿನ ಕೆಟ್ಟ ಸ್ಥಿತಿಯ ವಿರುದ್ಧ ದೂರು ಕೊಡಬೇಕೇ ಎಂಬ ಬಗ್ಗೆ ಇಬ್ಬರಲ್ಲೂ ಭಿನ್ನಾಭಿಪ್ರಾಯವಿತ್ತು. ದೂರು ಕೊಡುವುದೆಂದರೆ ನಮ್ಮನ್ನು ಜೈಲಿನಲ್ಲಿಡುವ ಹಕ್ಕು ಅವರಿಗಿದೆಯೆಂದು ಒಪ್ಪಿಕೊಂಡಂತೆ ಎಂದು ಸೊಬುಕ್ವೆ ವಾದಿಸಿದರು. ಅವಮಾನವನ್ನು ಎಲ್ಲಿ ಕಂಡರೂ ಹೋರಾಡಬೇಕೆಂಬುದು ಮಂಡೇಲಾರ ಮತ. ಒಬ್ಬರು ತತ್ತ್ವದ ಕೊನೆಯ ಗೆರೆಯವರೆಗೂ ನಡೆಯುವವರು, ಇನ್ನೊಬ್ಬರು ಕೈಗೆಟುಕಿದ್ದನ್ನು ಗೆದ್ದು ಮುಂದಿನ ಹೆಜ್ಜೆ ಇಡುವವರು. ಅವರ ಮುಂದಿನ ದಾರಿಗಳು ಈ ಪುಟ್ಟ ಜಗಳದಲ್ಲೇ ಕಾಣಿಸುತ್ತವೆ.

ಸೊಬುಕ್ವೆ ಒಳಗಿರುವಾಗ ಹೊರಗೆ ಪಕ್ಷದ ಹೆಸರಿನಲ್ಲಿ ಬೇರೆಯದೇ ನಡೆಯಿತು. ಪೊಕೊ ಎಂಬ ಗುಂಪು ಕೊಡಲಿ, ಮಚ್ಚು ಹಿಡಿದು ಹೊರಟಿತು. 1962ರ ನವೆಂಬರಿನಲ್ಲಿ ಪಾರ್ಲ್ ಪಟ್ಟಣದ ಮೇಲೆ ನಡೆದ ದಾಳಿಯಲ್ಲಿ ಇಬ್ಬರು ಬಿಳಿಯರು ಸತ್ತರು. 1963ರ ಮಾರ್ಚಿನಲ್ಲಿ ಬಸುಟೊಲ್ಯಾಂಡಿನ ಮಸೇರುವಿನಲ್ಲಿ ಕುಳಿತಿದ್ದ ಪಕ್ಷದ ಹಂಗಾಮಿ ನಾಯಕ ಪೊಟ್ಲಾಕೊ ಲೆಬಾಲೊ, ದಂಗೆ ಇನ್ನೇನು ಶುರುವಾಗಲಿದೆಯೆಂದು ಪತ್ರಕರ್ತರ ಎದುರು ಜಂಬ ಕೊಚ್ಚಿಕೊಂಡರು. ಬೆನ್ನಿಗೇ ಸಾಮೂಹಿಕ ಬಂಧನಗಳಾದವು. ಸೊಬುಕ್ವೆ ಬಿಡುಗಡೆಯಾಗಬೇಕಿದ್ದದ್ದು ಅದಾದ ಕೆಲವೇ ವಾರಗಳಲ್ಲಿ, ಮೇ 3ರಂದು.

ನ್ಯಾಯಮಂತ್ರಿ ಬಿ.ಜೆ. ಫೋರ್ಸ್ಟರ್ ಅಷ್ಟರಲ್ಲಿ ಹೊಸ ಕಾನೂನು ತಂದರು. 1963ರ ಸಾಮಾನ್ಯ ಕಾನೂನು ತಿದ್ದುಪಡಿ ಕಾಯ್ದೆಯ ಒಂದು ಕಲಮು ಪೊಲೀಸರಿಗೆ ಯಾರನ್ನಾದರೂ ವಿಚಾರಣೆಯಿಲ್ಲದೆ 90 ದಿನ ಇಟ್ಟುಕೊಳ್ಳುವ ಅಧಿಕಾರ ಕೊಟ್ಟಿತು. ಇನ್ನೊಂದು ಕಲಮಿನಂತೆ, ರಾಜಕೀಯ ಅಪರಾಧಕ್ಕೆ ಶಿಕ್ಷೆ ಮುಗಿಸಿದವರನ್ನು ಮಂತ್ರಿ ಬಯಸಿದರೆ ಮತ್ತೆ ಒಳಗೇ ಇರಿಸಬಹುದು. ಸಂಸತ್ತು ವರ್ಷ ವರ್ಷವೂ ಅದನ್ನು ನವೀಕರಿಸುತ್ತ ಹೋಗಬಹುದು. ಸಂಸತ್ತಿನಲ್ಲಿ ಮಸೂದೆಯನ್ನು ವಿರೋಧಿಸಿ ನಿಂತ ಏಕೈಕ ಸದಸ್ಯೆ ಹೆಲೆನ್ ಸುಜ್ಮನ್. ಮುಖ್ಯ ವಿರೋಧ ಪಕ್ಷವೂ ಸರ್ಕಾರದ ಜೊತೆಗಿತ್ತು. ಎಲ್ಲರೂ ಅದನ್ನು ಸೊಬುಕ್ವೆ ಕಲಮು ಎಂದೇ ಕರೆದರು. ಆ ಕಲಮಿನಡಿ ಸೊಬುಕ್ವೆಯವರ ಹೊರತು ಇನ್ನೊಬ್ಬರನ್ನು ಎಂದೂ ಬಂಧಿಸಲಿಲ್ಲ. ಒಂದು ವ್ಯಂಗ್ಯವನ್ನು ಹೇಳಲೇಬೇಕು. ಇದೇ ಫೋರ್ಸ್ಟರ್ ಎರಡನೆಯ ಮಹಾಯುದ್ಧದ ಕಾಲದಲ್ಲಿ ನಾಜಿ ಒಲವಿನ ಸಂಘಟನೆಯಲ್ಲಿದ್ದುದಕ್ಕಾಗಿ 1942ರಿಂದ 1944ರವರೆಗೆ ವಿಚಾರಣೆಯಿಲ್ಲದೆ ಬಂಧನದಲ್ಲಿದ್ದವರು. ವಿಚಾರಣೆಯಿಲ್ಲದ ಸೆರೆಯೆಂದರೇನೆಂದು ಅವರಿಗೆ ಯಾರೂ ವಿವರಿಸಬೇಕಾಗಿರಲಿಲ್ಲ.

ಹೀಗೆ ಸೊಬುಕ್ವೆ ರಾಬೆನ್ ದ್ವೀಪದ ಆ ಮನೆಗೆ ಬಂದರು. ಕೈದಿಯಲ್ಲವಾದ್ದರಿಂದ ತಮ್ಮ ಬಟ್ಟೆಯನ್ನೇ ತೊಡಬಹುದಿತ್ತು. ಪುಸ್ತಕ, ಪತ್ರಿಕೆ ತರಿಸಿಕೊಳ್ಳಬಹುದಿತ್ತು. ಕಲ್ಲು ಒಡೆಯಬೇಕಾಗಿರಲಿಲ್ಲ. ಉಳಿದ ಕೈದಿಗಳಿಗೆ ಹೋಲಿಸಿದರೆ ಸುಖವಾಸವೆಂದು ಸರ್ಕಾರ ಹೇಳಿಕೊಂಡಿತು. ಇಲ್ಲದ್ದು ಒಂದೇ: ಮಾತಾಡಲು ಇನ್ನೊಬ್ಬ ಮನುಷ್ಯ. ಊಟ ತಂದಿಡುವ ಕಾವಲುಗಾರರಿಗೂ ಮಾತು ನಿಷಿದ್ಧ. ಇತರ ಕೈದಿಗಳು ಕೆಲಸಕ್ಕೆ ಹೋಗುವಾಗ ದೂರದಿಂದ ಅವರನ್ನು ಕಾಣುತ್ತಿದ್ದರು. ಸೊಬುಕ್ವೆ ಬಗ್ಗಿ ಒಂದು ಹಿಡಿ ಮಣ್ಣೆತ್ತಿ ಬೆರಳ ಸಂದಿಯಿಂದ ಮೆಲ್ಲನೆ ಸುರಿಯುತ್ತಿದ್ದರೆಂದು ಅವರಲ್ಲಿ ಕೆಲವರು ಮುಂದೆ ನೆನಪಿಸಿಕೊಂಡಿದ್ದಾರೆ. ನಾವು ಈ ಮಣ್ಣಿನ ಮಕ್ಕಳು ಎಂಬುದು ಅದರ ಅರ್ಥವೆಂದು ಅವರು ತಿಳಿದುಕೊಂಡರು. ಅಲ್ಲಿ ನಡೆಯುತ್ತಿದ್ದ ಸಂಭಾಷಣೆ ಅಷ್ಟೇ.

ಓದು ಅವರನ್ನು ಕಾಪಾಡಿತು. ಲಂಡನ್ ವಿಶ್ವವಿದ್ಯಾಲಯದ ಅರ್ಥಶಾಸ್ತ್ರ ಪದವಿಯನ್ನು ಅಂಚೆಯ ಮೂಲಕವೇ ಪಡೆದರು. ಪತ್ರಗಳೂ ಕಾಪಾಡಿದವು. ರಾಂಡ್ ಡೈಲಿ ಮೇಲ್ ಪತ್ರಿಕೆಯ ವರದಿಗಾರ ಬೆಂಜಮಿನ್ ಪೊಗ್ರಂಡ್, ಬಿಳಿಯ, ಯಹೂದಿ, ಅವರ ಅತ್ಯಂತ ಆಪ್ತ ಗೆಳೆಯ. ಪುಸ್ತಕ, ಬಟ್ಟೆ, ಮಕ್ಕಳ ಶಾಲೆಯ ಚಿಂತೆ, ಎಲ್ಲವನ್ನೂ ಆತ ಹೊತ್ತರು. ಕೇಪ್‌ಟೌನಿನ ನೆಲ್ ಮಾರ್ಕಾರ್ಡ್ ಎಂಬ ಬಿಳಿಯ ಮಹಿಳೆ ವರ್ಷಗಟ್ಟಲೆ ಅವರೊಂದಿಗೆ ಸಾಹಿತ್ಯ ಕುರಿತು ಪತ್ರ ವ್ಯವಹಾರ ನಡೆಸಿದರು. ಬಿಳಿಯರನ್ನು ಸಮುದ್ರಕ್ಕೆ ತಳ್ಳುವವನೆಂದು ಸರ್ಕಾರ ಬಣ್ಣಿಸಿದ ಮನುಷ್ಯನ ಹೊರಲೋಕದ ಕೊಂಡಿಗಳು ಬಹುಮಟ್ಟಿಗೆ ಇವರೇ. ಸೆನ್ಸಾರಿನವರು ಓದಿ ಕಳಿಸುತ್ತಿದ್ದ ಆ ಪತ್ರಗಳು 2019ರಲ್ಲಿ ಪುಸ್ತಕವಾಗಿ ಬಂದವು. ರಾಜಕೀಯ ಬರೆಯಲಾಗದ ಅವುಗಳಲ್ಲಿ ಇರುವುದು ಹುಟ್ಟುಹಬ್ಬದ ಶುಭಾಶಯ, ಮಕ್ಕಳ ಪರೀಕ್ಷೆ, ಓದಿದ ಕಾದಂಬರಿ. ಓದುಗನ ಎದೆಯನ್ನು ಹಿಂಡುವುದೂ ಆ ಸಾಧಾರಣತೆಯೇ.

ಸೊವೆಟೊದಿಂದ ಕೇಪ್‌ಟೌನಿಗೆ ಸುಮಾರು 1,400 ಕಿಲೋಮೀಟರು. ವೆರೋನಿಕಾ ದಾದಿಯ ಸಂಬಳದಲ್ಲಿ ನಾಲ್ವರು ಮಕ್ಕಳನ್ನು ಸಾಕುತ್ತ, ಅನುಮತಿ ಸಿಕ್ಕಾಗ ಆ ದಾರಿ ಸವೆಸಿದರು. ಗಂಡನ ಆರೋಗ್ಯ ಕೆಡುತ್ತಿದೆ, ಬಿಡಿ ಎಂದು ಮಂತ್ರಿಗಳಿಗೆ ಮತ್ತೆ ಮತ್ತೆ ಬರೆದರು. ಹೆಲೆನ್ ಸುಜ್ಮನ್ ದ್ವೀಪಕ್ಕೆ ಹೋಗಿ ಕಂಡಾಗ, ತನಗೆ ಮಾತಾಡುವುದೇ ಮರೆತುಹೋಗುತ್ತಿದೆ ಎಂದು ಸೊಬುಕ್ವೆ ಹೇಳಿದರು. ಭಾಷೆಯನ್ನು ಕಲಿಸುತ್ತಿದ್ದ ಮನುಷ್ಯ, ಸಭೆಯನ್ನು ಮಾತಿನಿಂದ ಎತ್ತಿ ನಿಲ್ಲಿಸುತ್ತಿದ್ದ ಮನುಷ್ಯ. ಹೊಡೆತವಿಲ್ಲದೆ, ರಕ್ತವಿಲ್ಲದೆ ಒಬ್ಬನನ್ನು ಹೇಗೆ ಮುಗಿಸಬಹುದೆಂದು ಆ ಸರ್ಕಾರ ಕಂಡುಕೊಂಡಿತ್ತು.

1969ರ ಮೇ ತಿಂಗಳಲ್ಲಿ ಬಿಡುಗಡೆ ಬಂತು. ಆದರೆ ಮನೆಗಲ್ಲ. ಅವರಿಗೆ ಯಾವ ನಂಟೂ ಇರದಿದ್ದ ವಜ್ರಗಣಿಗಳ ಊರು ಕಿಂಬರ್ಲಿಗೆ ಒಯ್ದು ಬಿಟ್ಟರು. ಸಂಜೆಯಿಂದ ಮುಂಜಾನೆಯವರೆಗೆ ಮನೆಯಿಂದ ಹೊರಬರುವಂತಿಲ್ಲ, ಊರ ಗಡಿ ದಾಟುವಂತಿಲ್ಲ, ಸಭೆಯಲ್ಲಿ ಸೇರುವಂತಿಲ್ಲ. ಅವರ ಮಾತನ್ನು ಯಾವ ಪತ್ರಿಕೆಯೂ ಅಚ್ಚುಮಾಡುವಂತಿಲ್ಲ. ಅಮೆರಿಕದ ವಿಶ್ವವಿದ್ಯಾಲಯದಿಂದ ಕೆಲಸದ ಆಹ್ವಾನ ಬಂದಾಗ ಸರ್ಕಾರ ಪಾಸ್‌ಪೋರ್ಟ್ ನಿರಾಕರಿಸಿತು. ಮರಳಿ ಬರುವಂತಿಲ್ಲವೆಂಬ ಷರತ್ತಿನ ನಿರ್ಗಮನ ಪರವಾನಗಿಯನ್ನೇನೋ ಕೊಟ್ಟಿತು. ಆದರೆ ವಿಮಾನ ಹತ್ತಲು ಕಿಂಬರ್ಲಿಯ ಗಡಿ ದಾಟಬೇಕಲ್ಲ, ಅದಕ್ಕೆ ಅನುಮತಿ ಕೊಡಲಿಲ್ಲ! ದೇಶ ಬಿಟ್ಟು ಹೋಗಬಹುದು, ಊರು ಬಿಡುವಂತಿಲ್ಲ. ಕೋರ್ಟಿಗೆ ಹೋದರು, ಅದೂ ಸರ್ಕಾರದ ಪರವಾಗಿಯೇ ತೀರ್ಪಿತ್ತಿತು. ಹಿರಿಯ ಮಕ್ಕಳಿಬ್ಬರನ್ನು ಅಮೆರಿಕದ ಅಟ್ಲಾಂಟಾದಲ್ಲಿ ನಾಗರಿಕ ಹಕ್ಕುಗಳ ನಾಯಕ ಆಂಡ್ರ್ಯೂ ಯಂಗ್ ತಮ್ಮ ಮನೆಯಲ್ಲಿಟ್ಟು ಓದಿಸಿದರು. ತಂದೆ ಕಿಂಬರ್ಲಿಯಲ್ಲಿ ಕುಳಿತು, ನಲವತ್ತೈದು ದಾಟಿದ ವಯಸ್ಸಿನಲ್ಲಿ ಕಾನೂನು ಓದಿ, 1975ರಲ್ಲಿ ವಕೀಲಿ ಕಚೇರಿ ತೆರೆದರು. ಒಂದು ಕಾಲದಲ್ಲಿ ಆ ಕಾನೂನಿಗೆ ಉತ್ತರಿಸುವುದಿಲ್ಲವೆಂದವರು ಈಗ ಅದರ ಪುಟಗಳಲ್ಲೇ ಬಡವರಿಗೆ ದಾರಿ ಹುಡುಕಿದರು.

1977ರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಕಾಣಿಸಿತು. ಕಿಂಬರ್ಲಿಯ ಹೊರಗೆ ಚಿಕಿತ್ಸೆಗೆ ಹೋಗಲೂ ಅನುಮತಿ ಬೇಕಿತ್ತು. ಕೇಪ್‌ಟೌನಿನಲ್ಲಿ ಶಸ್ತ್ರಚಿಕಿತ್ಸೆಯಾಯಿತು. 1978ರ ಫೆಬ್ರುವರಿ 27ರಂದು ಕಿಂಬರ್ಲಿಯ ಆಸ್ಪತ್ರೆಯಲ್ಲಿ ತೀರಿಕೊಂಡರು; 53 ವರ್ಷ. ಹಿಂದಿನ ಸೆಪ್ಟೆಂಬರಿನಲ್ಲಷ್ಟೇ ಸ್ಟೀವ್ ಬಿಕೊ ಪೊಲೀಸರ ವಶದಲ್ಲಿ ಸತ್ತಿದ್ದರು. ಬಿಕೊ ಪೀಳಿಗೆಯ ಕರಿಯ ಪ್ರಜ್ಞೆಯ ಚಳವಳಿ ಸೊಬುಕ್ವೆ ಅವರ ವಿಚಾರದ ಋಣದಲ್ಲಿ ಬೆಳೆದದ್ದು. ಮಾರ್ಚ್ 11ರಂದು ಗ್ರಾಫ್-ರೈನೆಟ್ಟಿನಲ್ಲಿ ಸಾವಿರಾರು ಜನರ ನಡುವೆ ಮಣ್ಣು ಮಾಡಲಾಯಿತು.

ಪಾಸ್ ಕಾನೂನು 1986ರಲ್ಲಿ ರದ್ದಾಯಿತು. 1994ರ ಮೊದಲ ಮುಕ್ತ ಚುನಾವಣೆಯಲ್ಲಿ ಪಿಎಸಿಗೆ ಸಿಕ್ಕಿದ್ದು ಶೇಕಡಾ 1.25 ಮತ, ಐದು ಸ್ಥಾನ. ಒಳಜಗಳಗಳಲ್ಲಿ ಆ ಪಕ್ಷ ಕರಗುತ್ತ ಬಂತು. ನಾಯಕನ ನೆನಪನ್ನು ಹೊರುವ ಶಕ್ತಿ ಅದಕ್ಕೆ ಉಳಿಯಲಿಲ್ಲ. ಮಂಡೇಲಾ 1996ರ ಡಿಸೆಂಬರ್ 10ರಂದು ಹೊಸ ಸಂವಿಧಾನಕ್ಕೆ ಸಹಿ ಹಾಕಲು ಆರಿಸಿಕೊಂಡ ಸ್ಥಳ ಶಾರ್ಪ್‌ವಿಲ್. ಮಾರ್ಚ್ 21 ಅಲ್ಲಿ ಮಾನವ ಹಕ್ಕುಗಳ ದಿನವೆಂಬ ರಜೆ. ವಿಶ್ವಸಂಸ್ಥೆಗೆ ಅದು ಜನಾಂಗೀಯ ತಾರತಮ್ಯ ನಿರ್ಮೂಲನ ದಿನ. ಆ ದಿನವನ್ನು ಕರೆಕೊಟ್ಟು ಆರಂಭಿಸಿದವರ ಹೆಸರು ಎರಡರಲ್ಲೂ ಇಲ್ಲ. ಭಾಷಾ ಸಹಾಯಕನೆಂದು ನೇಮಿಸಿಕೊಂಡಿದ್ದ ವಿಶ್ವವಿದ್ಯಾಲಯ 2017ರಲ್ಲಿ ತನ್ನ ಕಟ್ಟಡವೊಂದಕ್ಕೆ ಅವರ ಹೆಸರಿಟ್ಟಿತು. ಗ್ರಾಫ್-ರೈನೆಟ್ಟಿನ ಸಮಾಧಿಯನ್ನು ಕಿಡಿಗೇಡಿಗಳು ಒಂದಕ್ಕಿಂತ ಹೆಚ್ಚು ಬಾರಿ ಒಡೆದರು, ಮತ್ತೆ ಕಟ್ಟಲಾಯಿತು. ವೆರೋನಿಕಾ 1997ರಲ್ಲಿ ಸತ್ಯ ಮತ್ತು ಸಾಮರಸ್ಯ ಆಯೋಗದ ಎದುರು ಕುಳಿತು, ತಾನು ಮಂತ್ರಿಗಳಿಗೆ ಬರೆದ ಪತ್ರಗಳ ಕಥೆ ಹೇಳಿದರು. ಸರ್ಕಾರ ಅವರಿಗೆ ಲುಥುಲಿ ಗೌರವ ನೀಡಿದ್ದು 2018ರ ಏಪ್ರಿಲಿನಲ್ಲಿ, ಗಂಡ ಸತ್ತು ನಲವತ್ತು ವರ್ಷಗಳ ಮೇಲೆ. ಆ ಆಗಸ್ಟಿನಲ್ಲಿ ತಮ್ಮ 91ನೆಯ ವಯಸ್ಸಿನಲ್ಲಿ ಅವರೂ ತೀರಿಕೊಂಡರು.